ಅತ್ತೆಯ ಕಾನೂನು ಮತ್ತು ಬಿಸಿನೀರಿನ ಬಲೂನು

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ನವಿ ಮುಂಬಯಿಯ ಸೀವುಡ್ಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಮನೆ ತುಂಬ ಬಲೂನು. ಗೋಡೆಗೆ ಬಲೂನು, ಕಿಟಕಿಗೆ ಬಲೂನು, ದೇವರ ಪಟದ ಮೇಲೂ ಒಂದು ನೇತಾಡುತ್ತಿತ್ತು. ನನ್ನ ಕೈಗೂ ಒಂದು ಹಿಡಿ ಕೊಟ್ಟು, "ಅಜ್ಜಿ, ಊದು" ಎಂದರು. ಕಟ್ಟಿಸಿಕೊಂಡ ಹಲ್ಲಿನಲ್ಲಿ ಬಲೂನು ಊದುವುದು ಸುಲಭವಲ್ಲ. ಗಾಳಿಗಿಂತ ಮೊದಲು ಹಲ್ಲೇ ಒಳಗೆ ಹೊರಡುತ್ತದೆ. ಬಾಯಿಗೆ ಇಟ್ಟದ್ದೇ ಆ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನನಗೆ ನಗು ತಡೆಯಲಾಗಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ನಮ್ಮವರು, "ಎಂತಕ್ಕೆ ನಗುದು?" ಎಂದರು.

"ಬಲೂನು," ಎಂದೆ.

ಅವರಿಗೆ ತಿಳಿಯಿತು. ಈ ವಯಸ್ಸಿನಲ್ಲೂ ನಾಚಿಕೊಂಡು ಸಮೋಸದ ತಟ್ಟೆಯ ಕಡೆ ತಿರುಗಿದರು.

ವಿಷಯ ಇಷ್ಟೇ. ನನ್ನ ಹೊಟ್ಟೆಯೊಳಗೂ ಒಂದು ಕಾಲದಲ್ಲಿ ಒಂದು ಬಲೂನು ಹೋಗಿ ಬಂದಿದೆ. ಹೆಂಗಸರ ಆ ಕಾಯಿಲೆಗೆ. ಇಂಥದ್ದನ್ನೆಲ್ಲ ಬರೆಯುತ್ತಾರೆಯೇ ಎಂದು ಕೇಳಬೇಡಿ. ನಾನು ಓದಿದ್ದು ನಾಲ್ಕನೆಯ ಕ್ಲಾಸು. ಯಾವುದನ್ನು ಬರೆಯಬಾರದು ಎಂಬುದು ಐದನೆಯ ಕ್ಲಾಸಿನಲ್ಲಿ ಬರುತ್ತದೋ ಏನೋ. ಸಂಕೋಚವಾಗುವ ಗಂಡಸರು ಪುಟ ತಿರುಗಿಸಲಿ. ಮನೆಯಲ್ಲಿ ಹೆಂಡತಿ ಇರುವವರು ಮಾತ್ರ ತಿರುಗಿಸಬಾರದು.

ಹಾಗೆ ನಗುತ್ತಿರುವಾಗಲೇ ನನ್ನ ಕಣ್ಣು ಸೊಸೆಯ ಮೇಲೆ ಬಿತ್ತು. ಸ್ವಾತಿ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ, ಅಮ್ಮ ನಮ್ಮ ಉಡುಪಿ ಕಡೆಯವರೇ. ಕನ್ನಡ ಪೂರ್ತಿ ತಿಳಿಯುತ್ತದೆ, ಆದರೆ ಉತ್ತರ ಹಿಂದಿಯಲ್ಲಿ ಬರುತ್ತದೆ. ನಾನು ಹೊಳೆಯ ಈ ದಡದಿಂದ ಕೂಗುತ್ತೇನೆ, ಅವಳು ಆ ದಡದಿಂದ ಓಗೊಡುತ್ತಾಳೆ. ಸಂಸಾರ ನಡೆಯುತ್ತಿದೆ. ಆ ಸಂಜೆ ಅವಳು ಒಮ್ಮೆಯೂ ಕೂತದ್ದನ್ನು ನಾನು ನೋಡಲಿಲ್ಲ. ಅಷ್ಟು ಸೆಕೆಯಲ್ಲಿ ಕಪ್ಪು ಸಲ್ವಾರ್ ಹಾಕಿದ್ದಳು. ಮಗಳ ಹುಟ್ಟುಹಬ್ಬಕ್ಕೆ ಯಾರಾದರೂ ಕಪ್ಪು ಹಾಕುತ್ತಾರೆಯೇ? ಫೋಟೋಕ್ಕೆಂದು ಎಲ್ಲರೂ ಸೋಫಾದಲ್ಲಿ ಒತ್ತಿ ಕೂತರೆ ಇವಳು ಹಿಂದೆ ಹೋಗಿ ನಿಂತಳು. ಕೇಕು ಕತ್ತರಿಸುವ ಮೊದಲೊಮ್ಮೆ, ಕತ್ತರಿಸಿದ ಮೇಲೊಮ್ಮೆ ಬಾತ್‌ರೂಮಿಗೆ ಹೋಗಿ ಬಂದಳು. ತುಟಿಯಲ್ಲಿ ಬಣ್ಣವಿರಲಿಲ್ಲ.

"ಸ್ವಲ್ಪ ಕೂತ್ಕೊ ಮಗಾ," ಎಂದೆ.

"ನಹೀ ಮಮ್ಮಿ, ಮೈ ಠೀಕ್ ಹೂಂ," ಎಂದಳು.

ಆ "ಠೀಕ್ ಹೂಂ" ನನಗೆ ಚೆನ್ನಾಗಿ ಗೊತ್ತು. ಅದನ್ನೇ ಎಷ್ಟೋ ವರ್ಷ ನಾನು ಕನ್ನಡದಲ್ಲಿ ಹೇಳಿದ್ದೇನೆ.

ಆಗ ನಾವು ಠಾಣೆಯ ವಾಗ್ಳೆ ಎಸ್ಟೇಟ್‌ನ ಒಂದು ಚಾಳಿನಲ್ಲಿದ್ದೆವು. ಖೋಲಿ ಎಂದರೆ ಒಂದೇ ಕೋಣೆ. ಅದರಲ್ಲಿ ನಾನು, ನಮ್ಮವರು, ಕಾಲೇಜಿಗೆ ಹೋಗುವ ಮಗ, ಮತ್ತು ಅತ್ತೆ. ನಮ್ಮವರು ಅಲ್ಲಿಯೇ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ನಾನು ಮನೆಯಲ್ಲಿ ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಸುತ್ತಲಿನ ಮನೆಗಳಿಗೆ ಕೊಡುತ್ತಿದ್ದೆ. ಅತ್ತೆ ಊರಿನಿಂದ ಬರುವಾಗ ಎರಡು ವಸ್ತು ತಂದಿದ್ದರು. ಒಂದು ಕಬ್ಬಿಣದ ಕಾವಲಿ, ಇನ್ನೊಂದು ಮಡಿ. ಎರಡರಲ್ಲಿ ಕಾವಲಿಯೇ ಹಗುರ.

ಮುಟ್ಟಾದವಳು ಹೊರಗೆ ಕೂರಬೇಕು. ಊರಿನಲ್ಲಿ ಅದಕ್ಕೊಂದು ಹಿಂದಿನ ಜಗಲಿ ಇರುತ್ತದೆ. ಚಾಳಿನಲ್ಲಿ ನಮ್ಮ ಹೊಸ್ತಿಲು ದಾಟಿದರೆ ಪಕ್ಕದ ಮನೆಯವರ ಚಪ್ಪಲಿ. ಹಾಗಾಗಿ ಅತ್ತೆ ಬಚ್ಚಲ ಮೋರಿಯ ಪಕ್ಕದಲ್ಲಿ ಒಂದು ಚಾಪೆ ಹಾಸಿ, "ಇದೇ ಹೊರಗೆ" ಎಂದು ತೀರ್ಮಾನ ಮಾಡಿದರು. ಅಲ್ಲಿಂದ ಕೈ ಚಾಚಿದರೆ ಗ್ಯಾಸಿನ ಒಲೆ ಸಿಗುತ್ತಿತ್ತು. ಚಾಚಬಾರದು, ಅಷ್ಟೆ. ಹಾಲು ಉಕ್ಕಿದರೆ ನಾನು ಕೂತಲ್ಲಿಂದಲೇ ಕೂಗುವುದು, ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಬರುವುದು, ಅಷ್ಟರಲ್ಲಿ ಹಾಲು ಒಲೆಯ ಮೇಲೆ.

ತಿಂಗಳಿಗೆ ಮೂರು ದಿನವಾದರೆ ಇದು ನಡೆದೀತು. ನನಗೆ ನಲವತ್ತೈದು ದಾಟಿದ ಮೇಲೆ ಅದು ನಿಲ್ಲುವುದನ್ನೇ ಮರೆತುಬಿಟ್ಟಿತು. ವಾರ ಕಳೆದರೂ ಇದೆ, ಹದಿನೈದು ದಿನವಾದರೂ ಇದೆ. ಗಡ್ಡೆ ಗಡ್ಡೆಯಾಗಿ ಹೋಗುತ್ತಿತ್ತು. ನಾನು ಒಳಗಿರುವುದಕ್ಕಿಂತ ಹೊರಗಿರುವುದೇ ಹೆಚ್ಚಾಯಿತು. ಹಿಟ್ಟು ರುಬ್ಬುವುದು, ನೀರು ಹಿಡಿಯುವುದು, ಅಡುಗೆ, ಎಲ್ಲ ಅತ್ತೆಯ ಮೇಲೆ ಬಿತ್ತು. ಒಂದು ದಿನ ಅವರು ರುಬ್ಬುವುದನ್ನು ನಿಲ್ಲಿಸಿ, ಕೈ ತೊಳೆದುಕೊಂಡು ಬಂದು ನನ್ನ ಚಾಪೆಯ ಎದುರು ನಿಂತರು.

"ನೋಡು, ಮೂರು ದಿನ ಮುಟ್ಟು. ನಾಲ್ಕನೇ ದಿನ ತಲೆಗೆ ನೀರು ಹಾಕು. ಆಮೇಲೆ ಹೋಗುದೆಲ್ಲ ಕಾಯಿಲೆ. ಕಾಯಿಲೆಗೆ ಮಡಿ ಇಲ್ಲ. ಶೀತ ಆದವರು ಹೊರಗೆ ಕೂರ್ತಾರಾ?"

"ಶಾಸ್ತ್ರದಲ್ಲಿ ಹಾಗುಂಟಾ ಅತ್ತೆ?"

"ಶಾಸ್ತ್ರ ಬರೆದವರಿಗೆ ಮಂಡಿನೋವು ಇರ್ಲಿಲ್ಲ. ಏಳು ಈಗ, ಉದ್ದು ಅರ್ಧಕ್ಕೆ ನಿಂತಿದೆ."

ಅಂದಿನಿಂದ ಅದೇ ನಮ್ಮ ಮನೆಯ ಕಾನೂನು. ನನಗಂತೂ ಅದರಿಂದ ಏನು ಸುಖವಾಯಿತೆಂದು ಹೇಳಲಾರೆ. ಚಾಪೆಯ ಮೇಲೆ ಕೂತಾದರೂ ಇರುತ್ತಿದ್ದೆ, ಈಗ ಕಾಯಿಲೆಯನ್ನೂ ಹೊತ್ತು, ಹಿಟ್ಟಿನ ಪಾತ್ರೆಯನ್ನೂ ಹೊರಬೇಕಾಯಿತು. ಕೇಳಿದವರಿಗೆಲ್ಲ "ನಾನು ಸರಿ ಇದ್ದೇನೆ" ಎನ್ನುತ್ತಿದ್ದೆ. ಯಾವಾಗಲೂ ಕಡು ಬಣ್ಣದ ಸೀರೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋಗುವುದು. ಹೀಗಿರುವಾಗ ಒಂದು ಮಧ್ಯಾಹ್ನ ಮಾಜಿವಾಡಾದ ಬಸ್ ಸ್ಟಾಪಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಬಿದ್ದದ್ದು ಸೌತೆಕಾಯಿ ಮಾರುವವಳ ಬುಟ್ಟಿಯ ಮೇಲೆ. ಕಣ್ಣು ಬಿಟ್ಟಾಗ ಮೊದಲು ಕೇಳಿಸಿದ್ದು ಅವಳ ಬೈಗುಳ. ಬೈದು ಮುಗಿಸಿ, ನನ್ನ ಮುಖ ನೋಡಿ, ಮುರಿದ ಸೌತೆಕಾಯಿಯನ್ನೇ ನನ್ನ ಕೈಗೆ ಕೊಟ್ಟಳು. "ಖಾ," ಎಂದಳು. ಉಪ್ಪನ್ನೂ ಹಾಕಿ ಕೊಟ್ಟಳು ಪುಣ್ಯಾತ್ಗಿತ್ತಿ.

ಚಾಳಿನಲ್ಲಿ ಸುದ್ದಿ ಹರಡಿತು. ನಮ್ಮ ಕಡೆಯ ಹೆಂಗಸರಿಗೆ ಇದಕ್ಕೆ ಒಂದೇ ಔಷಧಿ ಗೊತ್ತು: "ಚೀಲ ತೆಗೆಸಿಬಿಡು." ಗರ್ಭಕೋಶವನ್ನು ಚೀಲ ಎನ್ನುವುದು ವಾಡಿಕೆ. ಅಲ್ಲಿ ನನ್ನ ಪ್ರಾಯದವರಲ್ಲಿ ಚೀಲ ಇದ್ದವರಿಗಿಂತ ಇಲ್ಲದವರೇ ಹೆಚ್ಚು. ಸಂಜೆ ನಲ್ಲಿಯ ಹತ್ತಿರ ಸೇರಿದರೆ ಸೀರೆ ಸರಿಸಿ ಹೊಲಿಗೆ ತೋರಿಸುತ್ತಿದ್ದರು. ನನಗೆ ಚೀಲದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಮಗುವಾಗದ ಹಾಗೆ ಆಪರೇಷನ್ ಆಗಿ ಎಷ್ಟೋ ವರ್ಷವಾಗಿತ್ತು. ಆದರೆ ಹೊಟ್ಟೆ ಕೊಯ್ಯಿಸಿಕೊಂಡರೆ ಭಾರ ಎತ್ತುವ ಹಾಗಿಲ್ಲ, ತಿಂಗಳುಗಟ್ಟಲೆ ರುಬ್ಬುವ ಹಾಗಿಲ್ಲ. ಮತ್ತೆ ಯಾರು ಎತ್ತುವುದು? ಅತ್ತೆಯ ಮಂಡಿಯೇ? ಕೊಯ್ಯಿಸದಿದ್ದರೆ ಇನ್ನೊಂದು ಬುಟ್ಟಿಯ ಮೇಲೆ ಬೀಳುವುದು ಖಂಡಿತ. ಪ್ರತಿ ಸಲ ಸೌತೆಕಾಯಿಯೇ ಸಿಗುತ್ತದೆ ಎನ್ನಲಾಗುವುದಿಲ್ಲ. ಬಸ್ಸೂ ಇರಬಹುದು.

ದಾರಿ ತೋರಿಸಿದವಳು ಗಿರಿಜಕ್ಕ. ಪಕ್ಕದ ಖೋಲಿಯವಳು, ಗಂಡ ಒಂದು ವೆಜ್ ಹೊಟೇಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಅವಳಿಗೂ ನನ್ನದೇ ಅವಸ್ಥೆ. "ಒಬ್ಬ ಲೇಡಿ ಡಾಕ್ಟರ್ ಉಂಟು ಮಾರಾಯ್ತಿ, ಬಲೂನು ಹಾಕ್ತಾಳಂತೆ. ಕೊಯ್ಯುದಿಲ್ಲ, ಹೊಲಿಯುದಿಲ್ಲ. ಬೆಳಿಗ್ಗೆ ಹೋದ್ರೆ ಸಂಜೆಗೆ ಮನೆ," ಎಂದಳು. ನಾನು ನಂಬಲಿಲ್ಲ. ಜಾತ್ರೆಯ ಬಲೂನಿನವನ ಬಗ್ಗೆಯೇ ನನಗೆ ನಂಬಿಕೆಯಿಲ್ಲ. ಆದರೂ ಹೋದೆವು, ನಮ್ಮವರನ್ನೂ ಎಳೆದುಕೊಂಡು.

ಡಾಕ್ಟರ್ ಮರಾಠಿಯವಳು. ಮೊದಲು ರಕ್ತ ನೋಡಿದಳು, ಸೋನೋಗ್ರಫಿ ಮಾಡಿಸಿದಳು, ಒಳಗಿನ ಚೂರು ತೆಗೆದು ಕೆಟ್ಟದ್ದೇನೂ ಇಲ್ಲ ಎಂದು ಪರೀಕ್ಷೆ ಮಾಡಿಸಿದಳು. ಆಮೇಲೆ ತಿಳಿಸಿ ಹೇಳಿದಳು. ಚೀಲದ ಒಳಗೆ ತಿಂಗಳು ತಿಂಗಳು ಬೆಳೆದು ಉದುರುವ ಒಂದು ಪದರ ಇರುತ್ತದೆ. ಸಣ್ಣ ಬಲೂನು ಒಳಗೆ ಹಾಕಿ, ಅದರಲ್ಲಿ ಬಿಸಿನೀರು ತುಂಬಿ, ಕೆಲವು ನಿಮಿಷ ಆ ಪದರವನ್ನು ಸುಡುವುದು. ನೀರು ತೆಗೆದು ಬಲೂನು ಹೊರಗೆ. ಇನ್ನು ಮಕ್ಕಳು ಬೇಡ ಎನ್ನುವವರಿಗೆ ಮಾತ್ರ ಇದು ಎಂದು ಎರಡೆರಡು ಸಲ ಕೇಳಿ ಗಟ್ಟಿ ಮಾಡಿಕೊಂಡಳು.

ನಮ್ಮವರು ಅಷ್ಟು ಹೊತ್ತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದವರು, ತಟ್ಟನೆ ಬಾಯಿ ತೆರೆದರು. "ಮೇಡಂ, ವೋ ಒಳಗೇ ಫೂಟ್ ಗಯಾ ತೋ?"

ಒಡೆದರೆ ಗತಿಯೇನು ಎಂದು. ಡಾಕ್ಟರ್ ನಗಲಿಲ್ಲ, ಅದು ದೊಡ್ಡ ಗುಣ. ಒತ್ತಡ ಅಳೆಯುವ ಯಂತ್ರವಿದೆ, ಏನಾದರೂ ಹೆಚ್ಚುಕಡಿಮೆಯಾದರೆ ತಾನಾಗಿ ನಿಲ್ಲುತ್ತದೆ ಎಂದಳು. ಗಿರಿಜಕ್ಕ ಮಾತ್ರ ಸೆರಗು ಬಾಯಿಗೆ ತುರುಕಿಕೊಂಡಳು.

"ಪೂರ್ತಿ ನಿಲ್ಲುತ್ತದಾ?" ಎಂದು ನಾನು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಕೆಲವರಿಗೆ ಪೂರ್ತಿ ನಿಲ್ಲುತ್ತದೆ, ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಕೆಲವರಿಗೆ ಕೆಲವು ವರ್ಷದ ಮೇಲೆ ವಾಪಸು ಬರುತ್ತದೆ, ಆಗ ಚೀಲ ತೆಗೆಯಬೇಕಾಗಲೂಬಹುದು. ಯಾರು ಯಾವ ಗುಂಪಿಗೆ ಎಂದು ಮೊದಲೇ ಹೇಳಲಾಗದು. ಅವಳು ಗ್ಯಾರಂಟಿ ಕೊಟ್ಟಿದ್ದರೆ ನಾನು ಎದ್ದು ಬರುತ್ತಿದ್ದೆ. ಗ್ಯಾರಂಟಿ ಕೊಟ್ಟವನ ಮಿಕ್ಸರ್ ಮೂರು ಸಲ ಸುಟ್ಟುಹೋದದ್ದು ನನಗೆ ನೆನಪಿತ್ತು. ಕೊಡಲಿಲ್ಲ, ಅದಕ್ಕೇ "ಆಯಿತು" ಎಂದೆ.

ಆದದ್ದೂ ಗಿರಿಜಕ್ಕ ಹೇಳಿದ ಹಾಗೆಯೇ. ನಿದ್ದೆಗೆ ಕೊಟ್ಟರು, ಎದ್ದೆ, ಸಂಜೆಗೆ ರಿಕ್ಷಾದಲ್ಲಿ ಮನೆ. ಹೊಟ್ಟೆ ಹಿಂಡುತ್ತಿತ್ತು, ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದೆ. ಅತ್ತೆ ನೋಡಿ, "ಒಳಗೂ ಬಿಸಿನೀರು, ಹೊರಗೂ ಬಿಸಿನೀರು. ಮನೆಗೊಂದು ಗೀಸರ್ ಬೇಕು ಅಂತ ಹೇಳ್ತಿದ್ದೆ, ಬಂತು," ಎಂದರು. ಕೆಲವು ವಾರ ನೀರು ನೀರಾಗಿ ಹೋಯಿತು. ಹೋಗುತ್ತದೆ ಎಂದು ಡಾಕ್ಟರ್ ಹೇಳಿದ್ದಳು. ಆಮೇಲೆ ಕಾಯುವ ಕೆಲಸ. ಮುಂದಿನ ತಿಂಗಳು ಬಂತು, ಕಲೆ ಬೀಳುವಷ್ಟೂ ಇಲ್ಲ. ಅದರ ಮುಂದಿನದೂ ಅಷ್ಟೆ, ಒಂದು ಬೊಟ್ಟು. ಕಬ್ಬಿಣದ ಮಾತ್ರೆ ನುಂಗಿ ನುಂಗಿ ಮುಖಕ್ಕೆ ರಕ್ತ ಬಂತು. ಮಾಜಿವಾಡಾದ ಬಸ್ಸಿನಲ್ಲಿ ಸೀಟು ಸಿಕ್ಕಿದಾಗ ಹಾಯಾಗಿ ಕೂತು, ಇಳಿಯುವ ಸ್ಟಾಪು ಬಂದರೂ ಏಳಲು ಮನಸ್ಸಾಗಲಿಲ್ಲ.

ಈಗ ಕಷ್ಟ ಬಂದದ್ದು ಅತ್ತೆಗೆ. ಅವರ ಕಾನೂನಿನಲ್ಲಿ ನನಗೆ ಜಾಗವೇ ಇರಲಿಲ್ಲ. ನವರಾತ್ರಿಯಲ್ಲಿ ನಮ್ಮ ಕಡೆಯವರೆಲ್ಲ ಸೇರಿ ಚಾಳಿನ ಅಂಗಳದಲ್ಲಿ ಒಂದು ದೇವಿಪೂಜೆ ಮಾಡುತ್ತಿದ್ದೆವು. ನೈವೇದ್ಯದ ಪಾಯಸ ಅತ್ತೆಯದು. ಮುಟ್ಟು ನಿಂತವರು ಮಾತ್ರ ಆ ಸೌಟು ಹಿಡಿಯಬೇಕು ಎಂದು ಕಟ್ಟು. ದಿನ ಮೊದಲೇ ಗೊತ್ತು ಮಾಡಿದ ಮೇಲೆ ಆ ಹೊತ್ತಿಗೆ ಅಡುಗೆಯವಳು ಹೊರಗಾದರೆ ಎಂಬ ಭಯ. ಅತ್ತೆಯ ಕೈ ನಡುಗಲು ಶುರುವಾಗಿತ್ತು. ಸೌಟನ್ನು ಯಾರಿಗಾದರೂ ಒಪ್ಪಿಸಬೇಕು.

"ನಿಂಗೆ ನಿಂತಿದಾ, ಇಲ್ವಾ? ಒಂದು ಮಾತು ಹೇಳು."

"ನಿಲ್ಲಲೂ ಇಲ್ಲ, ಹೋಗುದೂ ಇಲ್ಲ."

"ಅದೆಂತ ರೈಲಾ, ಸಿಗ್ನಲ್ಲಿನಲ್ಲಿ ನಿಲ್ಲಿಕ್ಕೆ?"

ಪುರೋಹಿತರಿಗೆ ಫೋನು ಮಾಡಿಸಿದರು. ಬಲೂನಿನ ಕತೆಯನ್ನು ಅವರು ಪೂರ್ತಿ ಕೇಳಿದರಂತೆ. "ಅಮ್ಮಾ, ಇದು ನನ್ನ ಪಂಚಾಂಗದಲ್ಲಿ ಇಲ್ಲ. ಹಾಕಿದವರನ್ನೇ ಕೇಳಿ," ಎಂದರಂತೆ. ಅತ್ತೆ ಬಿಡುವವರಲ್ಲ. ಮುಂದಿನ ಸಲ ತೋರಿಸಲು ಹೋದಾಗ ಮಂಡಿ ಎಳೆದುಕೊಂಡು ನನ್ನ ಜೊತೆಗೇ ಬಂದು, ಡಾಕ್ಟರ ಎದುರು ಕೂತು, "ಇವಳು ದೇವಿಯ ಪಾಯಸ ಮಾಡ್ಬಹುದಾ ಕೇಳು," ಎಂದರು. ನಾನು ತಲೆ ತಗ್ಗಿಸಿ, ಬರುವಷ್ಟು ಮರಾಠಿಯಲ್ಲಿ ಕೇಳಿದೆ. ಡಾಕ್ಟರ್ ಅತ್ತೆಯ ಕೈ ಹಿಡಿದುಕೊಂಡು, "ಆಜೀ, ಮಲಾ ಪಣ ದ್ಯಾ," ಎಂದಳು. ನನಗೂ ಸ್ವಲ್ಪ ಕೊಡಿ ಎಂದು.

ಅತ್ತೆಗೆ ಅಷ್ಟು ಸಾಕಾಯಿತು. ವಾಪಸು ಬರುವಾಗ ರಿಕ್ಷಾದವನಿಗೂ ಹೇಳಿದರು, ಸೊಸೆಗೆ ಡಾಕ್ಟರ್ ಒಪ್ಪಿಗೆ ಕೊಟ್ಟಳು ಎಂದು. ಏನಕ್ಕೆ ಒಪ್ಪಿಗೆ ಎಂದು ಅವನು ಕೇಳದೆ ಇದ್ದದ್ದು ನನ್ನ ಪುಣ್ಯ.

ಪೂಜೆಯ ದಿನ ಬಂತು. ದೊಡ್ಡ ಉರುಳಿಯಲ್ಲಿ ಪಾಯಸ, ತೆಂಗಿನ ಹಾಲು ಹಾಕಿ ತಿರುವುತ್ತಿದ್ದೇನೆ, ಆಚೆ ಮಂತ್ರ ನಡೆದಿದೆ. ಆಗ ನನಗೆ ಗೊತ್ತಾಯಿತು. ಬಂದೇ ಬಂತು, ಅದೇ ಒಂದು ಬೊಟ್ಟು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಪಕ್ಕದಲ್ಲಿ ಮಣೆ ಹಾಕಿ ಕೂತು ಕಾವಲು ಕಾಯುತ್ತಿದ್ದ ಅತ್ತೆಯ ಕಿವಿಗೆ ಬಗ್ಗಿ ಹೇಳಿದೆ.

ಅತ್ತೆ ನನ್ನ ಮುಖ ನೋಡಿದರು. ಉರುಳಿ ನೋಡಿದರು. ಅಂಗಳದಲ್ಲಿ ಎಲೆ ಹಾಕುತ್ತಿದ್ದ ಜನ ನೋಡಿದರು.

"ಎಷ್ಟು?"

"ಕುಂಕುಮದ ಬೊಟ್ಟಿನಷ್ಟು."

"ಮತ್ತೆ? ದೇವಿಗೆ ನಾವು ದಿನಾ ಇಡುದು ಎಂತ? ಸೌಟು ಬಿಡ್ಬೇಡ, ತಳ ಹಿಡೀತದೆ."

ಆ ವರ್ಷದ ಪಾಯಸದಷ್ಟು ರುಚಿ ಮತ್ತೆ ಬಂದಿಲ್ಲ ಎಂದು ಇವತ್ತಿಗೂ ಹೇಳುವವರಿದ್ದಾರೆ. ಒಂದು ಡಬ್ಬಿ ಡಾಕ್ಟರಿಗೂ ಹೋಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆಂದವಿತ್ತು. ಆದರೆ ಗಿರಿಜಕ್ಕನ ಪಾಲಿಗೆ ಬಂದದ್ದು ಬೇರೆ. ಅವಳೂ ನನ್ನ ಜೊತೆಗೇ ಬಲೂನು ಹಾಕಿಸಿಕೊಂಡಿದ್ದಳು. ಅವಳಿಗೆ ಮೊದಮೊದಲು ನನಗಿಂತಲೂ ಚೆನ್ನಾಗಿ, ಪೂರ್ತಿ ನಿಂತೇ ಹೋಗಿತ್ತು. ಅವರು ಕಲ್ಯಾಣಕ್ಕೆ ಮನೆ ಬದಲಾಯಿಸಿ ಎರಡು ಮೂರು ವರ್ಷವಾದ ಮೇಲೆ ಒಂದು ದಿನ ಫೋನು ಮಾಡಿದಳು. "ಬಂತು ಮಾರಾಯ್ತಿ, ನೆಂಟರು ವಾಪಸ್." ರಕ್ತದ ಜೊತೆಗೆ ನೋವೂ ಇತ್ತು. ಕೊನೆಗೆ ಚೀಲ ತೆಗೆಸಿದಳು. ನೋಡಲು ಹೋದೆ. ಮೂಸಂಬಿ ಸುಲಿಯುತ್ತಾ ಕೂತೆ.

"ಬಲೂನು ದಂಡ ಆಯ್ತಲ್ವಾ ಗಿರಿಜಕ್ಕ?" ಎಂದೆ.

"ಎಂತ ದಂಡ? ಅಷ್ಟು ವರ್ಷ ನಾನು ತಿಳಿಹಳದಿ ಸೀರೆ ಉಟ್ಟು ಲೋಕಲ್ ಟ್ರೇನಿನಲ್ಲಿ ಕೂತು ಹೋಗಿದ್ದೇನೆ. ಮಗಳ ಮದುವೆಯಲ್ಲಿ ಇಡೀ ದಿನ ಓಡಾಡಿದ್ದೇನೆ. ಅದನ್ನು ಯಾರು ವಾಪಸ್ ತಗೊಳ್ತಾರೆ? ನೀನು ಆ ಮೂಸಂಬಿ ಕೊಡು ಇತ್ಲಾಗಿ, ಸುಲಿದದ್ದನ್ನೆಲ್ಲ ನೀನೇ ತಿಂತಾ ಇದ್ದಿ."

ಅವಳು ನಕ್ಕಳು, ಹೆದರಿದವಳು ನಾನು. ಸೊಂಟ ನೋವಾದರೆ ಸಾಕು, ನನಗೂ ಬಂತು ಎನ್ನಿಸುತ್ತಿತ್ತು. ಪೆಟ್ಟಿಗೆಯ ತಳದಿಂದ ಕಡು ಬಣ್ಣದ ಸೀರೆಗಳನ್ನು ಮತ್ತೆ ಮೇಲೆ ತಂದೆ. ಡಾಕ್ಟರನ್ನು ಕೇಳಿದರೆ, ಅವರದು ಅವರಿಗೆ, ನಿಮ್ಮದು ನಿಮಗೆ ಎಂದಳು. ಕಾವಲಿಯ ವಿಷಯ ನಿಮಗೆ ಗೊತ್ತಿರಬಹುದು. ಒಂದೇ ಅಂಗಡಿಯಿಂದ ಎರಡು ಕಾವಲಿ ತನ್ನಿ, ಒಂದೇ ಎಣ್ಣೆ ಹಚ್ಚಿ, ಒಂದೇ ಉರಿಯಲ್ಲಿ ಕಾಯಿಸಿ ಪಳಗಿಸಿ. ಒಂದರಲ್ಲಿ ದೋಸೆ ಕಾಗದದ ಹಾಗೆ ಏಳುತ್ತದೆ, ಇನ್ನೊಂದು ಕೆಲವು ದಿನ ಕೊಟ್ಟು ಮತ್ತೆ ಅಂಟತೊಡಗುತ್ತದೆ. ಅದು ಯಾರ ತಪ್ಪೂ ಅಲ್ಲ.

ನನ್ನದು ಅಂಟಲಿಲ್ಲ. ತಿಂಗಳಿಗೊಂದು ಬೊಟ್ಟು, ಆಮೇಲೆ ಎರಡು ತಿಂಗಳಿಗೊಂದು, ಐವತ್ತು ದಾಟಿದ ಮೇಲೆ ಅದೂ ಇಲ್ಲ. ಪೂರ್ತಿ ನಿಂತ ಮೇಲೆ ಯಾವತ್ತಾದರೂ ಒಂದು ಹನಿ ಕಂಡರೂ ಅಂದೇ ಬರಬೇಕು ಎಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದಾಳೆ. ಇಲ್ಲಿಯವರೆಗೆ ಹೋಗುವ ಪ್ರಸಂಗ ಬಂದಿಲ್ಲ. ನನ್ನದು ಪೂರ್ತಿ ನಿಂತದ್ದನ್ನು ನೋಡಲು ಅತ್ತೆ ಇರಲಿಲ್ಲ. ಸಾಯುವ ಮೊದಲು ಕಾವಲಿಯನ್ನು ನನ್ನ ಕೈಗೆ ಕೊಟ್ಟರು. ಮಡಿಯನ್ನು ಅವರೇ ತೆಗೆದುಕೊಂಡು ಹೋದರು.

ಅದೆಲ್ಲ ಒಂದು ಬಲೂನು ಊದುವಷ್ಟರಲ್ಲಿ ನೆನಪಾಯಿತು ನೋಡಿ. ಹುಟ್ಟುಹಬ್ಬದ ಜನ ಹೊರಟರು. ಮಗ ಮೊಮ್ಮಗಳನ್ನು ಎತ್ತಿಕೊಂಡು ನೆಂಟರನ್ನು ಸ್ಟೇಶನ್ನಿಗೆ ಬಿಡಲು ಹೋದ. ನಮ್ಮವರು ಕುರ್ಚಿಯಲ್ಲೇ ನಿದ್ದೆ ಹೋದರು. ಸ್ವಾತಿ ನೆಲದ ಮೇಲೆ ಬಿದ್ದ ಬಲೂನಿನ ಚೂರುಗಳನ್ನು ಬಗ್ಗಿ ಬಗ್ಗಿ ಹೆಕ್ಕುತ್ತಿದ್ದಳು. ಒಮ್ಮೆ ಗೋಡೆ ಹಿಡಿದುಕೊಂಡು ನಿಂತಳು.

"ಎಷ್ಟು ದಿನದಿಂದ?" ಎಂದೆ.

"ಕ್ಯಾ, ಮಮ್ಮಿ?"

"ನಿನ್ನ ಕಪ್ಪು ಸಲ್ವಾರ್."

ಅವಳು ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅಳುವುದಕ್ಕೆ ತಯಾರಾದಳು. ನನಗೆ ಅಳುವವರನ್ನು ಸಮಾಧಾನ ಮಾಡಲು ಬರುವುದಿಲ್ಲ. ಅದಕ್ಕೇ ನನ್ನ ಬಲೂನಿನ ಕತೆ ಶುರು ಮಾಡಿದೆ. ಪಾಯಸಕ್ಕೆ ಬರುವ ಹೊತ್ತಿಗೆ ಅವಳು ನಗುತ್ತಿದ್ದಳು. ಗಿರಿಜಕ್ಕನದನ್ನೂ ಬಿಡದೆ ಹೇಳಿದೆ. ಅರ್ಧ ಕತೆ ಹೇಳಿ ಸೊಸೆಯನ್ನು ಆಸ್ಪತ್ರೆಗೆ ಕಳಿಸುವವಳು ನಾನಲ್ಲ.

ಅವಳದು ಒಂದು ವರ್ಷದಿಂದ ಹೀಗೇ ಅಂತೆ. ಡಾಕ್ಟರ ಹತ್ತಿರ ಹೋದರೆ ಚೀಲ ತೆಗೆಯಬೇಕು ಎನ್ನುತ್ತಾರೆ ಎಂಬ ಭಯಕ್ಕೆ ಹೋಗಿಲ್ಲ. ಇನ್ನೊಂದು ಮಗು ಬೇಕೋ ಬೇಡವೋ ಎಂದು ಗಂಡ ಹೆಂಡತಿ ಇನ್ನೂ ಮಾತಾಡುತ್ತಲೇ ಇದ್ದಾರಂತೆ. ಅದನ್ನು ಹಿಂದಿಯಲ್ಲಿ ಹೇಳುತ್ತಾ ಹೇಳುತ್ತಾ ಕೊನೆಗೆ, "ನನಗೆ ಹೆದರಿಕೆ ಆಗ್ತದೆ ಮಮ್ಮಿ," ಎಂದು ಕನ್ನಡಕ್ಕೆ ಬಂದಳು. ಹೊಳೆ ದಾಟಿ ಈ ದಡಕ್ಕೆ ಬಂದವಳನ್ನು ಕೈ ಹಿಡಿದು ಮೇಲೆ ಎಳೆಯದಿದ್ದರೆ ಹೇಗೆ?

"ಮಗು ಬೇಕಿದ್ರೆ ಬಲೂನು ನಿನಗಲ್ಲ," ಎಂದೆ. "ಆದ್ರೆ ಮಾತ್ರೆ ಉಂಟು, ಈಗ ಒಳಗೆ ಇಡುವ ಎಂತದೋ ಔಷಧಿಯೂ ಬಂದಿದೆಯಂತೆ, ಬೇಡ ಅಂದಾಗ ತೆಗೀಬಹುದಂತೆ. ನನಗೆ ಗೊತ್ತಿರುದು ಎರಡು ಹೊಟ್ಟೆಯ ವಿಷಯ ಮಾತ್ರ. ನಿನ್ನದನ್ನು ಡಾಕ್ಟರ್ ನೋಡ್ಲಿ. ನಾಳೆ ಹೋಗುವ."

"ಆಪ್ ಆಯೇಂಗೀ?"

"ಬರದೆ? ನನ್ನ ಅತ್ತೆ ಬಂದಿದ್ದರು. ನಾನು ಅವರಿಗಿಂತ ಕಡಿಮೆಯಾ? ಈಗ ಮೊದಲು ಕೂತ್ಕೊ."

ಅವಳು ಒಳಗೆ ಹೋಗಿ ಟವೆಲ್ ತಂದು, ಮಡಚಿ, ಕೆನೆ ಬಣ್ಣದ ಆ ಸೋಫಾದ ಮೇಲೆ ಹಾಸಲು ಹೊರಟಳು. ನಾನು ಕಿತ್ತುಕೊಂಡೆ.

"ದಾಗ್ ಲಗ್ ಜಾಯೇಗಾ, ಮಮ್ಮಿ."

"ಕಲೆಯಾಗ್ಲಿ. ಬಿಳಿ ಸೋಫಾ ತಂದದ್ದು ಯಾರು? ನನ್ನ ಮಗ. ತೊಳೆಯುದೂ ಅವನೇ."

ಅವಳು ನನ್ನ ಮುಖ ನೋಡಿದಳು. ಹಾಗೇ ದಬಕ್ಕನೆ ಕೂತಳು, ಪೂರ್ತಿ ಭಾರ ಬಿಟ್ಟು, ಎರಡೂ ಕಾಲು ಮೇಲೆ ಎಳೆದುಕೊಂಡು. ಕುಶನ್ನಿನ ಅಡಿಯಲ್ಲಿ ಮಕ್ಕಳು ಒಂದು ಬಲೂನು ಸಿಕ್ಕಿಸಿಟ್ಟಿದ್ದು ಯಾರಿಗೆ ಗೊತ್ತು? ಢಮಾರ್ ಎಂದಿತು.

ನಮ್ಮವರು ಕುರ್ಚಿಯಿಂದ ಹಾರಿ ಎದ್ದರು.

"ಒಡೀತಾ?" ಎಂದರು. "ನಾನು ಅವತ್ತೇ ಕೇಳಿದ್ದೆ!"